ಬೆಂಚಿನಲ್ಲಿ ಕುಳಿತವರ ಲೆಕ್ಕ

(ಉತ್ತರ ಕನ್ನಡದ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕ್ರೀಡಾಸಕ್ತರು ಸೇರಿದ್ದ ಸಭೆಯಲ್ಲಿ, ಕಾರವಾರದಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಹಾಕಿ ಪಂದ್ಯದ ವರದಿಯನ್ನು ಓದುವಾಗ ನಮ್ಮ ಕಣ್ಣು ಮೊದಲು ಹುಡುಕುವುದು ಗೋಲು ಹೊಡೆದವರ ಹೆಸರನ್ನು. ತರಬೇತುದಾರನ ಪುಸ್ತಕದಲ್ಲಿ ಬೇರೆಯೇ ಒಂದು ಲೆಕ್ಕ ಇರುತ್ತದೆ. ಯಾರು ಎಷ್ಟು ನಿಮಿಷ ಮೈದಾನದಲ್ಲಿದ್ದರು, ಯಾರ ಜೊತೆಯಲ್ಲಿದ್ದರು, ಯಾವ ಹೊತ್ತಿಗೆ ಹೊರಬಂದರು ಎಂಬ ಲೆಕ್ಕ ಅದು. ಇಂದು ನಾನು ಮಾತನಾಡಬೇಕೆಂದಿರುವುದು ಈ ಎರಡನೆಯ ಲೆಕ್ಕದ ಬಗ್ಗೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಭಾವಂತ ಹುಡುಗನೊಬ್ಬ ತಂಡಕ್ಕೆ ಬಂದ ಮಾತ್ರಕ್ಕೆ ತಂಡದ ಸೀಸನ್ ಬದಲಾಗುವುದಿಲ್ಲ. ಅವನು ಯಾವ ಲೈನಿನಲ್ಲಿ (ಅಂದರೆ ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರುವ ಆಟಗಾರರ ಗುಂಪಿನಲ್ಲಿ), ಯಾರ ಪಕ್ಕದಲ್ಲಿ, ಎಷ್ಟು ಹೊತ್ತು ಆಡುತ್ತಾನೆ ಎಂಬುದನ್ನು ಸರಿಯಾಗಿ ತೀರ್ಮಾನಿಸಿದಾಗ ಮಾತ್ರ ಬದಲಾಗುತ್ತದೆ.

ಲೈನ್ ಬದಲಾವಣೆ ಎಂಬ ಮಾತು ಮೂಲತಃ ಐಸ್ ಹಾಕಿಯದು. ಅರಬ್ಬಿ ಸಮುದ್ರದ ದಡದಲ್ಲಿ ಕುಳಿತು ಮಂಜುಗಡ್ಡೆಯ ಮೇಲಿನ ಆಟದ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಲಡಾಖಿನವರನ್ನು ಬಿಟ್ಟರೆ ಆ ಆಟವನ್ನು ಮನಸ್ಸಿಟ್ಟು ಆಡುವವರು ಕಡಿಮೆ. ಆದರೆ ಆಟಗಾರರನ್ನು ಗುಂಪುಗುಂಪಾಗಿ ಒಳಗೆ ಕಳುಹಿಸಿ ಹೊರಗೆ ಕರೆಯುವ ವಿದ್ಯೆಯನ್ನು ಅಷ್ಟು ಸೂಕ್ಷ್ಮವಾಗಿ ಬೆಳೆಸಿದ ಆಟ ಇನ್ನೊಂದಿಲ್ಲ. ನಾವು ಆಡುವ ಮೈದಾನದ ಹಾಕಿಯೂ ಕಳೆದ ಮೂರು ದಶಕಗಳಲ್ಲಿ ಅದೇ ದಾರಿಯಲ್ಲಿ ಬಹಳ ದೂರ ಬಂದಿದೆ.

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಒಂದು ತಂಡ ಒಂದು ಪಂದ್ಯಕ್ಕೆ 20 ಮಂದಿಯನ್ನು ಸಜ್ಜುಗೊಳಿಸುತ್ತದೆ. ಇಬ್ಬರು ಗೋಲಿಗಳನ್ನು, ಅಂದರೆ ಗೋಲ್‌ಕೀಪರ್‌ಗಳನ್ನು, ಕಳೆದರೆ ಉಳಿಯುವ 18 ಮಂದಿಯಲ್ಲಿ ಸಾಮಾನ್ಯವಾಗಿ 12 ಮಂದಿ ಫಾರ್ವರ್ಡ್‌ಗಳು, 6 ಮಂದಿ ಡಿಫೆಂಡರ್‌ಗಳು. ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಲೈನುಗಳಾಗುತ್ತಾರೆ, ಡಿಫೆಂಡರ್‌ಗಳು ಇಬ್ಬರಂತೆ ಮೂರು ಜೋಡಿಗಳಾಗುತ್ತಾರೆ. ಒಂದು ಲೈನು ಮಂಜಿನ ಮೇಲೆ ಇರುವುದು ಸುಮಾರು 45 ಸೆಕೆಂಡು ಮಾತ್ರ. ಅದಕ್ಕೆ ಶರೀರಶಾಸ್ತ್ರದ ಕಾರಣವಿದೆ. ಪೂರ್ಣ ವೇಗದ ಓಟಕ್ಕೆ ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ದಾಸ್ತಾನು ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬಹುಪಾಲು ಖರ್ಚಾಗುತ್ತದೆ, ಆಮೇಲೆ ದೇಹ ಬೇರೆ ಮಾರ್ಗಗಳಿಂದ ಶಕ್ತಿ ತೆಗೆಯುತ್ತ ಬೇಗ ಬಳಲುತ್ತದೆ. ಆ ದಾಸ್ತಾನು ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷಗಳ ಬಿಡುವು ಬೇಕು. ನಾಲ್ಕು ಲೈನುಗಳು ಸರದಿಯಲ್ಲಿ ಆಡಿದರೆ ಪ್ರತಿಯೊಬ್ಬ ಫಾರ್ವರ್ಡ್‌ಗೂ ಎರಡು ನಿಮಿಷಕ್ಕಿಂತ ಹೆಚ್ಚು ವಿಶ್ರಾಂತಿ ಸಿಗುತ್ತದೆ, ಆಟದ ವೇಗ ಮೊದಲಿನಿಂದ ಕೊನೆಯವರೆಗೆ ಕುಗ್ಗುವುದಿಲ್ಲ.

ಈ ಬದಲಾವಣೆ ಬಹುಪಾಲು ನಡೆಯುವುದು ಆಟ ನಿಲ್ಲದೆ, ಆಟದ ನಡುವೆಯೇ. ಹಾಗಾಗಿ ಯಾವಾಗ ಬದಲಾಯಿಸಬೇಕು ಎಂಬುದೇ ಒಂದು ಪ್ರತ್ಯೇಕ ಜಾಣ್ಮೆಯಾಗುತ್ತದೆ. ಎದುರಾಳಿ ಚೆಂಡಿನಂಥ ಆ ರಬ್ಬರ್ ಬಿಲ್ಲೆಯನ್ನು ಹಿಡಿದು ಮುನ್ನುಗ್ಗುತ್ತಿರುವಾಗ ಮೂವರು ಬೆಂಚಿನ ಕಡೆ ತಿರುಗಿದರೆ ಗೋಲು ಬಿತ್ತೆಂದೇ ಲೆಕ್ಕ. ಎರಡನೆಯ ಅವಧಿಯಲ್ಲಿ ತಂಡಗಳು ಅಂಕಣದ ಬದಿ ಬದಲಿಸುವುದರಿಂದ ತಮ್ಮ ರಕ್ಷಣಾ ವಲಯದಿಂದ ಬೆಂಚು ದೂರವಾಗುತ್ತದೆ; ದಣಿದ ಲೈನು ಹೊರಬರಲಾಗದೆ ಸಿಕ್ಕಿಬೀಳುವುದು ಆ ಅವಧಿಯಲ್ಲಿ ಹೆಚ್ಚು. ಒತ್ತಡ ತಪ್ಪಿಸಿಕೊಳ್ಳಲು ಬಿಲ್ಲೆಯನ್ನು ಅಂಕಣದ ಆ ತುದಿಗೆ ಸುಮ್ಮನೆ ಹೊಡೆದು ಐಸಿಂಗ್ ಮಾಡಿದ ತಂಡಕ್ಕೆ ಆಟಗಾರರನ್ನು ಬದಲಾಯಿಸಲು ಅವಕಾಶವಿಲ್ಲ ಎಂಬ ನಿಯಮ 2005-06ರ ಸೀಸನ್‌ನಿಂದ ಬಂದಿದೆ. ಈ ನಿಯಮ ನನಗೆ ಬಹಳ ಇಷ್ಟ. ಸೋಮಾರಿತನದ ಶಿಕ್ಷೆ ದಣಿವಿನ ರೂಪದಲ್ಲಿಯೇ ಬರುತ್ತದೆ.

ಈಗ ನಮ್ಮ ಹಾಕಿಗೆ ಬರೋಣ. ಹಿಂದೆ ಇಲ್ಲಿ ಹನ್ನೊಂದು ಮಂದಿ ಎಂದರೆ ಹನ್ನೊಂದೇ ಮಂದಿ. ಬದಲಿ ಆಟಗಾರ ಎಂದರೆ ಹೆಚ್ಚಾಗಿ ಗಾಯಾಳುವಿನ ಜಾಗ ತುಂಬುವವನು, ಒಮ್ಮೆ ಹೊರಬಂದವನು ಮತ್ತೆ ಒಳಗೆ ಹೋಗುವಂತಿರಲಿಲ್ಲ. ತೊಂಬತ್ತರ ದಶಕದಲ್ಲಿ ಎಷ್ಟು ಬಾರಿ ಬೇಕಾದರೂ ಬದಲಾಯಿಸಬಹುದಾದ, ಹೊರಬಂದವನು ಮತ್ತೆ ಒಳಹೋಗಬಹುದಾದ ಪದ್ಧತಿ ಜಾರಿಗೆ ಬಂತು. ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಕಾಯುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮವೂ ಅದೇ ದಶಕದಲ್ಲಿ ಹೋಯಿತು. ಈ ಎರಡನ್ನೂ ಸೇರಿಸಿ ಓದಬೇಕು. ಆಫ್‌ಸೈಡ್ ಇಲ್ಲದ ಕಾರಣ ಆಟ ಮೈದಾನದ ಉದ್ದಕ್ಕೂ ಹರಡಿಕೊಂಡಿತು, ಫಾರ್ವರ್ಡ್‌ಗಳ ಓಟ ಹೆಚ್ಚಾಯಿತು. ಆ ಓಟವನ್ನು ತಾಳಿಕೊಳ್ಳಲು ಬದಲಾವಣೆಯ ಸ್ವಾತಂತ್ರ್ಯ ಅನಿವಾರ್ಯವಾಯಿತು. ಆಮೇಲೆ 35 ನಿಮಿಷಗಳ ಎರಡು ಅರ್ಧಗಳ ಬದಲಿಗೆ 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು ಬಂದವು. ಇಂದು ಅಂತಾರಾಷ್ಟ್ರೀಯ ಪಂದ್ಯವನ್ನು ನೋಡಿದರೆ ಫಾರ್ವರ್ಡ್ ಒಬ್ಬ ಐದಾರು ನಿಮಿಷ ಪೂರ್ಣ ವೇಗದಲ್ಲಿ ಆಡಿ ಹೊರಬರುತ್ತಾನೆ, ಕೆಲವು ನಿಮಿಷ ಕುಳಿತು ಮತ್ತೆ ಹೋಗುತ್ತಾನೆ. ಡಿಫೆಂಡರ್‌ಗಳ ಬದಲಾವಣೆ ಅಷ್ಟು ಇರುವುದಿಲ್ಲ, ಏಕೆಂದರೆ ಹಿಂದಿನ ಸಾಲಿನಲ್ಲಿ ಓಟಕ್ಕಿಂತ ಹೊಂದಾಣಿಕೆಗೆ ಬೆಲೆ ಹೆಚ್ಚು.

ನಿಯಮ ಸರಳವಾಗಿದೆ. ಮಧ್ಯರೇಖೆಯಿಂದ 3 ಮೀಟರ್ ಒಳಗೆ, ಹೊರಬರುವವನು ಹೊರಬಂದ ಮೇಲೆ ಬದಲಿಯವನು ಒಳಗೆ ಹೋಗಬೇಕು, ಅದಕ್ಕಾಗಿ ಆಟ ನಿಲ್ಲುವುದಿಲ್ಲ. ಒಂದು ಮುಖ್ಯ ನಿರ್ಬಂಧವಿದೆ. ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರದ ತಪ್ಪಿಗಾಗಿ ದಾಳಿ ಮಾಡುವ ತಂಡಕ್ಕೆ ಸಿಗುವ ವಿಶೇಷ ಹೊಡೆತ) ಘೋಷಣೆಯಾದ ಕ್ಷಣದಿಂದ ಅದು ಮುಗಿಯುವವರೆಗೆ, ರಕ್ಷಿಸುವ ತಂಡದ ಗೋಲ್‌ಕೀಪರ್‌ಗೆ ಗಾಯವಾದಂಥ ಸಂದರ್ಭವನ್ನು ಬಿಟ್ಟರೆ, ಬದಲಾವಣೆ ಮಾಡುವಂತಿಲ್ಲ. ಈ ಒಂದು ವಾಕ್ಯ ಇಡೀ ತಂಡದ ರಚನೆಯನ್ನು ನಿರ್ಧರಿಸುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ನಿಮ್ಮ ತಂಡದಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಹೊಡೆಯಬಲ್ಲವನು ಒಬ್ಬನೇ ಇದ್ದು, ಅವನು ನೀರು ಕುಡಿಯಲು ಬೆಂಚಿಗೆ ಬಂದಾಗ ಪೆನಾಲ್ಟಿ ಕಾರ್ನರ್ ಸಿಕ್ಕಿದರೆ ಆ ಅವಕಾಶ ಅರ್ಧ ವ್ಯರ್ಥವಾದಂತೆಯೇ. ಪ್ಯಾರಿಸ್ 2024ರ ಒಲಿಂಪಿಕ್ಸ್‌ನಲ್ಲಿ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಹೊಡೆದರು. ಅವುಗಳಲ್ಲಿ ಹೆಚ್ಚಿನವು ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ಗಳಿಂದ ಬಂದವು. ಅವರು ಡಿಫೆಂಡರ್ ಆಗಿರುವುದು ಭಾರತಕ್ಕೆ ಲಾಭ: ಹಿಂದಿನ ಸಾಲಿನವರು ಬೆಂಚಿಗೆ ಬರುವುದು ಕಡಿಮೆಯಾದ್ದರಿಂದ ಫ್ಲಿಕ್ ಮಾಡುವವರು ಹೆಚ್ಚು ಹೊತ್ತು ಮೈದಾನದಲ್ಲೇ ಇರುತ್ತಾರೆ. ಹಾಗಿದ್ದೂ ಅಮಿತ್ ರೋಹಿದಾಸ್ ಅವರಂಥ ಎರಡನೆಯ ಫ್ಲಿಕ್ಕರ್‌ನನ್ನು ತಂಡ ಇಟ್ಟುಕೊಳ್ಳುತ್ತದೆ. ಶಾಲಾ ತಂಡಗಳಲ್ಲಿ ಫ್ಲಿಕ್ ಕಲಿಸುವಾಗ ಒಬ್ಬನಿಗೆ ಕಲಿಸಿ ಸುಮ್ಮನಾಗುವ ಅಭ್ಯಾಸವಿದೆ. ಬೇರೆ ಬೇರೆ ಲೈನುಗಳಿಗೆ ಸೇರಿದ ಕನಿಷ್ಠ ಇಬ್ಬರಿಗೆ ಕಲಿಸಿ ಎಂಬುದು ನನ್ನ ವಿನಂತಿ.

ರೋಹಿದಾಸ್ ಹೆಸರು ಬಂದದ್ದರಿಂದ ಆ ಪಂದ್ಯವನ್ನು ನೆನೆಯದೆ ಮುಂದೆ ಹೋಗಲಾರೆ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ವಿರುದ್ಧ 17ನೆಯ ನಿಮಿಷದಲ್ಲಿ ಅವರಿಗೆ ಕೆಂಪು ಕಾರ್ಡ್ ಸಿಕ್ಕಿತು. ಉಳಿದ 40ಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಮಂದಿಯೊಂದಿಗೆ ಆಡಿ 1-1ರಲ್ಲಿ ಪಂದ್ಯ ಮುಗಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಎಲ್ಲರೂ ಪಿ.ಆರ್. ಶ್ರೀಜೇಶ್ ಅವರ ಗೋಲ್‌ಕೀಪಿಂಗ್ ಅನ್ನು ಹೊಗಳಿದರು, ಅದು ನ್ಯಾಯವೇ. ಆದರೆ ಬೆಂಚಿನ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹತ್ತು ಮಂದಿ ಹನ್ನೊಂದು ಮಂದಿಯ ಓಟ ಓಡಬೇಕಾದಾಗ ಬದಲಾವಣೆಯ ಹಕ್ಕು ಉಳಿದಿತ್ತು ಎಂಬುದೇ ತಂಡವನ್ನು ನಿಲ್ಲಿಸಿತು. ಹಳೆಯ ನಿಯಮದಲ್ಲಿ ಹೆಚ್ಚುಕಡಿಮೆ ಅದೇ ಹತ್ತು ಮಂದಿ ಕೊನೆಯವರೆಗೂ ಓಡಬೇಕಾಗುತ್ತಿತ್ತು. ಫಾರ್ವರ್ಡ್‌ಗಳು ಹಿಂದಕ್ಕೆ ಬಂದು ರಕ್ಷಣೆಗೆ ಕೈಜೋಡಿಸಿ, ಉಸಿರು ಕಟ್ಟಿದಾಗ ಹೊರಬಂದು, ಇನ್ನೊಬ್ಬನು ಅದೇ ಕೆಲಸವನ್ನು ಮುಂದುವರಿಸುತ್ತಿದ್ದನು. ಎರಡನೆಯವನಿಗೂ ಮೊದಲನೆಯವನಷ್ಟೇ ಆ ಕೆಲಸ ಗೊತ್ತಿತ್ತು. ಅದು ಆ ದಿನ ಕಲಿತದ್ದಾಗಿರಲಿಲ್ಲ.

ಇಲ್ಲಿಯವರೆಗೆ ಒಂದು ಪಂದ್ಯದ ಮಾತಾಯಿತು. ಸೀಸನ್ ಎಂಬುದು ಬೇರೆ. ಯಾವ ಆಟದಲ್ಲಾದರೂ ಸೀಸನ್‌ಗೆ ತನ್ನದೇ ಆದ ಒಂದು ದೇಹವಿದೆ, ಅದೂ ದಣಿಯುತ್ತದೆ, ಗಾಯಗೊಳ್ಳುತ್ತದೆ. ನ್ಯಾಷನಲ್ ಹಾಕಿ ಲೀಗ್‌ನಲ್ಲಿ 2015-16ರಲ್ಲಿ ಪ್ರತಿ ತಂಡ ಲೀಗ್ ಹಂತದಲ್ಲೇ 82 ಪಂದ್ಯಗಳನ್ನು ಆಡುತ್ತಿತ್ತು, ಪ್ರಶಸ್ತಿಯನ್ನು ನಿರ್ಧರಿಸುವ ಪ್ಲೇಆಫ್ ಪಂದ್ಯಗಳು ಆಮೇಲೆ. ಆ ವರ್ಷದ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಲೈನು ಕಟ್ಟುವುದು, ಹೊಸಬರನ್ನು ಬೆಳೆಸುವುದು ಎಂಬ ನಮ್ಮ ಇಂದಿನ ವಿಷಯದ ಎರಡೂ ಎಳೆಗಳು ಅಲ್ಲಿ ಒಟ್ಟಿಗೆ ಸಿಗುತ್ತವೆ.

ಸಿಡ್ನಿ ಕ್ರಾಸ್ಬಿ, ಯೆವ್ಗೆನಿ ಮಾಲ್ಕಿನ್‌ರಂಥ ದಿಗ್ಗಜರಿದ್ದ ಆ ತಂಡ 2009ರಲ್ಲಿ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದ ಮೇಲೆ ಮತ್ತೆ ಗೆದ್ದಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ, ಸೀಸನ್‌ನ ಮೂರನೆಯ ಒಂದು ಭಾಗ ಮುಗಿದಾಗ, ತಂಡದ ಆಡಳಿತ ಮುಖ್ಯ ತರಬೇತುದಾರನನ್ನು ಬದಲಾಯಿಸಿತು. ಹೊಸದಾಗಿ ಬಂದ ಮೈಕ್ ಸಲಿವನ್ ಅಲ್ಲಿಯವರೆಗೆ ಅದೇ ಸಂಸ್ಥೆಯ ಎರಡನೆಯ ದರ್ಜೆಯ ತಂಡವಾದ ವಿಲ್ಕ್ಸ್-ಬ್ಯಾರಿ/ಸ್ಕ್ರಾಂಟನ್‌ಗೆ ತರಬೇತಿ ನೀಡುತ್ತಿದ್ದರು. ಬಂದ ಕೂಡಲೇ ಮೊದಲ ನಾಲ್ಕು ಪಂದ್ಯಗಳನ್ನು ಸೋತರು. ನಮ್ಮಲ್ಲಾಗಿದ್ದರೆ ಆ ನಾಲ್ಕು ಸೋಲಿನಲ್ಲೇ ಅವರ ಕಥೆ ಮುಗಿಯುತ್ತಿತ್ತೇನೋ. ಮುಂದಿನ ತಿಂಗಳುಗಳಲ್ಲಿ ಅವರು ತಮ್ಮ ಹಳೆಯ ತಂಡದಿಂದ ಹುಡುಗರನ್ನು ಕರೆಸಿಕೊಂಡರು: ಕಾನರ್ ಶಿಯರಿ, ಬ್ರಯನ್ ರಸ್ಟ್, ಟಾಮ್ ಕ್ಯೂನ್‌ಹಾಕಲ್, ಗೋಲಿ ಮ್ಯಾಟ್ ಮರ್ರಿ. ಶಿಯರಿ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದ ಹುಡುಗ. ಸಲಿವನ್ ಅವನನ್ನು ನಾಲ್ಕನೆಯ ಲೈನಿನ ಮೂಲೆಯಲ್ಲಿಯೇ ಉಳಿಸಲಿಲ್ಲ, ಕ್ರಾಸ್ಬಿಯ ಪಕ್ಕದಲ್ಲಿ ಆಡಿಸಿದರು.

ಮಾರ್ಚ್‌ನಲ್ಲಿ ಮಾಲ್ಕಿನ್ ಗಾಯಗೊಂಡಾಗ ಲೈನುಗಳನ್ನು ಒಡೆದು ಕಟ್ಟಬೇಕಾಯಿತು. ಹಾಗೆ ಕಟ್ಟಿದ ಲೈನುಗಳಲ್ಲಿ ಕಾರ್ಲ್ ಹೇಗೆಲಿನ್, ನಿಕ್ ಬೊನಿನೊ, ಫಿಲ್ ಕೆಸೆಲ್ ಇದ್ದ ಲೈನು ಅವರ ಹೆಸರುಗಳ ಮೊದಲ ಅಕ್ಷರಗಳಾದ ಎಚ್‌ಬಿಕೆ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಈ ಮೂವರಲ್ಲಿ ಒಬ್ಬನೂ ಹಿಂದಿನ ವರ್ಷ ಪಿಟ್ಸ್‌ಬರ್ಗ್‌ನಲ್ಲಿರಲಿಲ್ಲ. ಹೇಗೆಲಿನ್ ಅತ್ಯಂತ ವೇಗದವನು, ಬೊನಿನೊ ಜಾಗ ಅರಿತು ನಿಲ್ಲುವವನು, ಕೆಸೆಲ್ ಗುರಿ ಇಟ್ಟು ಹೊಡೆಯುವವನು. ಅವರು ಮೂರನೆಯ ಲೈನಾಗಿ ಆಡಿದ್ದರಿಂದ ಎದುರಾಳಿಯ ಅತ್ಯುತ್ತಮ ಡಿಫೆಂಡರ್‌ಗಳು ಕ್ರಾಸ್ಬಿಯನ್ನು ಕಾಯುತ್ತಿರುವಾಗ ಈ ಮೂವರಿಗೆ ದುರ್ಬಲ ಜೋಡಿಗಳು ಎದುರಾಗುತ್ತಿದ್ದವು. ಮಾಲ್ಕಿನ್ ಮರಳಿದ ಮೇಲೂ ಸಲಿವನ್ ಆ ಲೈನನ್ನು ಒಡೆಯಲಿಲ್ಲ. ಅದು ಧೈರ್ಯದ ನಿರ್ಧಾರ. ತಾರೆ ಮರಳಿ ಬಂದಾಗ ಹಳೆಯ ವ್ಯವಸ್ಥೆಗೆ ಹಿಂದಿರುಗುವುದೇ ತರಬೇತುದಾರರ ಸಹಜ ಪ್ರವೃತ್ತಿ.

ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ವಿರುದ್ಧದ ಏಳನೆಯ, ನಿರ್ಣಾಯಕ ಪಂದ್ಯವನ್ನು ಪಿಟ್ಸ್‌ಬರ್ಗ್ 2-1ರಿಂದ ಗೆದ್ದಾಗ ಎರಡೂ ಗೋಲುಗಳನ್ನು ಹೊಡೆದವನು ಬ್ರಯನ್ ರಸ್ಟ್. ಸ್ಯಾನ್ ಹೋಸೆ ವಿರುದ್ಧದ ಫೈನಲ್ ಸರಣಿಯ ಎರಡನೆಯ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದವನು ಶಿಯರಿ. ಸರಣಿ 4-2ರಿಂದ ಪಿಟ್ಸ್‌ಬರ್ಗ್ ಪಾಲಾಯಿತು. ಮರುವರ್ಷ ಮತ್ತೆ ಕಪ್ ಗೆದ್ದಾಗ ಜೇಕ್ ಗೆಂಟ್ಸೆಲ್ ಎಂಬ ಇನ್ನೊಬ್ಬ ಹೊಸಬ ಕ್ರಾಸ್ಬಿಯ ಪಕ್ಕದಲ್ಲಿ ಆಡಿ ಪ್ಲೇಆಫ್‌ನಲ್ಲಿ 13 ಗೋಲು ಹೊಡೆದನು. ಈ ಹುಡುಗರು ಅಸಾಧಾರಣ ಪ್ರತಿಭೆಗಳೆಂದು ಅದಕ್ಕೆ ಮೊದಲು ಯಾರೂ ಬರೆದಿರಲಿಲ್ಲ. ಕೆಳಗಿನ ತಂಡದಲ್ಲಿ ಅವರು ಕಲಿತ ಆಟದ ಪದ್ಧತಿಯೇ ಮೇಲೆಯೂ ಇತ್ತು, 2016ರ ಹುಡುಗರಿಗೆ ಅಲ್ಲಿ ಕಲಿಸಿದವರೂ ಸಲಿವನ್ ಅವರೇ ಆಗಿದ್ದರು. ಹಾಗಾಗಿ ಬೆಂಚಿನಿಂದ ಅಂಕಣಕ್ಕೆ ಹಾರಿದ ಕ್ಷಣದಲ್ಲಿ ಅವರು ಹೊಸದಾಗಿ ಕಲಿಯಬೇಕಾದದ್ದು ವೇಗವೊಂದೇ ಆಗಿತ್ತು.

ಇದನ್ನು ನಾನು ಈ ಜಿಲ್ಲೆಯವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿಯ ನಂತರ ಹೊರಟು ಮಳೆಗಾಲದ ಹೊಸ್ತಿಲವರೆಗೆ ನಡೆಯುವ ಯಕ್ಷಗಾನ ಮೇಳದ ತಿರುಗಾಟವನ್ನು ನೀವು ಕಂಡಿದ್ದೀರಿ. ಇಡೀ ರಾತ್ರಿಯ ಆಟವನ್ನು ಒಬ್ಬ ಭಾಗವತರೇ ಹಾಡುವುದಿಲ್ಲ. ಪೂರ್ವರಂಗವನ್ನು ನಡೆಸುವವರು ಬೇರೆ, ನಡುರಾತ್ರಿಯ ಮೇಲೆ ಜಾಗಟೆ ಹಿಡಿಯುವ ಪ್ರಧಾನ ಭಾಗವತರು ಬೇರೆ. ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ, ಪುಂಡುವೇಷಕ್ಕೆ ಬರುವ ಹೊತ್ತಿಗೆ ಹಿರಿಯ ವೇಷಧಾರಿಯ ಎದುರು ನಿಂತು ಮಾತಾಡಬಲ್ಲವನಾಗುತ್ತಾನೆ. ಅವನನ್ನು ಮೊದಲ ದಿನವೇ ಬೆಳಗಿನ ಜಾವದ ಪ್ರಸಂಗಕ್ಕೆ ಒಬ್ಬನನ್ನೇ ಬಿಟ್ಟ ಮೇಳವೂ ಇಲ್ಲ, ತಿರುಗಾಟದುದ್ದಕ್ಕೂ ಬಣ್ಣ ಹಚ್ಚುವ ಚೌಕಿಯಲ್ಲೇ ಕೂರಿಸಿ ಪ್ರತಿಭಾವಂತನೆಂದು ಹೊಗಳಿದ ಮೇಳವೂ ಇಲ್ಲ. ಹಾಕಿ ತಂಡಗಳು ಈ ಎರಡನ್ನೂ ಮಾಡುತ್ತವೆ.

ಭಾರತದ ಹಾಕಿಯಿಂದಲೇ ಎರಡು ನಿದರ್ಶನಗಳನ್ನು ಎದುರುಬದುರು ಇಟ್ಟು ನೋಡೋಣ. 2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಗಗನ್ ಅಜಿತ್ ಸಿಂಗ್ ನಾಯಕತ್ವದ ಕಿರಿಯರ ತಂಡ ಫೈನಲ್‌ನಲ್ಲಿ ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿ ಜೂನಿಯರ್ ವಿಶ್ವಕಪ್ ಗೆದ್ದಿತು. ಆ ಪೀಳಿಗೆಯವರು ಬೇಗನೆ ಹಿರಿಯರ ತಂಡದ ಆಧಾರವಾದರು. ಡ್ರ್ಯಾಗ್ ಫ್ಲಿಕ್‌ನ ದೊಡ್ಡ ಭರವಸೆಯಾಗಿದ್ದ ಜುಗರಾಜ್ ಸಿಂಗ್ 2003ರ ಕಾರು ಅಪಘಾತದಿಂದಾಗಿ ಮೊದಲಿನ ಆಟಕ್ಕೆ ಮರಳಲಾಗಲಿಲ್ಲ. ಅಥೆನ್ಸ್ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ ತರಬೇತುದಾರನನ್ನೇ ಬದಲಾಯಿಸಿದರು. ಕೊಡಗಿನ ಅರ್ಜುನ್ ಹಾಲಪ್ಪ ಅವರೂ ಇದ್ದ ಆ ತಂಡ 2004ರಲ್ಲಿ 7ನೆಯ ಸ್ಥಾನ ಪಡೆಯಿತು, 2008ರ ಬೀಜಿಂಗ್‌ಗೆ ಭಾರತ ಅರ್ಹತೆಯನ್ನೇ ಗಳಿಸಲಿಲ್ಲ. ಹುಡುಗರಲ್ಲಿ ಪ್ರತಿಭೆ ಇರಲಿಲ್ಲವೆಂದು ಯಾರೂ ಹೇಳಲಾರರು. ಒಬ್ಬ ಫ್ಲಿಕ್ಕರ್ ಬಿದ್ದಾಗ ಅವನ ಜಾಗದಲ್ಲಿ ಅದೇ ಪದ್ಧತಿಯಲ್ಲಿ ತಯಾರಾದ ಇನ್ನೊಬ್ಬನಿರಲಿಲ್ಲ, ಪದ್ಧತಿಯೂ ಸ್ಥಿರವಾಗಿರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ ಹರೇಂದ್ರ ಸಿಂಗ್ ತರಬೇತಿಯ ತಂಡ ಬೆಲ್ಜಿಯಂ ಅನ್ನು 2-1ರಿಂದ ಸೋಲಿಸಿ ಮತ್ತೆ ಜೂನಿಯರ್ ವಿಶ್ವಕಪ್ ಗೆದ್ದಿತು. ಈ ಬಾರಿ ಹುಡುಗರು ಒಂದೇ ಸಲಕ್ಕೆ ಹಿರಿಯರ ಜಾಗಕ್ಕೆ ಬರಲಿಲ್ಲ. ಹರ್ಮನ್‌ಪ್ರೀತ್, ಮನ್‌ದೀಪ್ ಸಿಂಗ್, ವರುಣ್ ಕುಮಾರ್, ನೀಲಕಂಠ ಶರ್ಮ, ಸುಮಿತ್, ಗುರ್ಜಂತ್, ಸಿಮ್ರನ್‌ಜೀತ್ ಒಬ್ಬೊಬ್ಬರಾಗಿ, ಶ್ರೀಜೇಶ್, ಮನ್‌ಪ್ರೀತ್, ರೂಪಿಂದರ್ ಪಾಲ್ ಸಿಂಗ್‌ರಂಥವರು ನಿಂತಿದ್ದ ಸಾಲುಗಳ ಒಳಗೆ ಸೇರಿದರು. 2013ರಿಂದ 2017ರವರೆಗೆ ನಡೆದ ಹಾಕಿ ಇಂಡಿಯಾ ಲೀಗ್‌ನಲ್ಲಿ ಈ ವಯಸ್ಸಿನವರಲ್ಲಿ ಹಲವರು ಆಸ್ಟ್ರೇಲಿಯಾ, ಜರ್ಮನಿ, ನೆದರ್ಲೆಂಡ್ಸ್‌ನ ಆಟಗಾರರ ಪಕ್ಕದಲ್ಲಿ ಆಡಿದ್ದೂ ಸಹಾಯವಾಯಿತು. ಎಲ್ಲರೂ ಮೇಲೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಲಖನೌ ತಂಡದ ನಾಯಕ ಹರ್ಜೀತ್ ಸಿಂಗ್ ಟೋಕಿಯೊ ಒಲಿಂಪಿಕ್ಸ್‌ನ ತಂಡದಲ್ಲಿರಲಿಲ್ಲ. ಕಿರಿಯರ ಮಟ್ಟದಲ್ಲಿ ಅತ್ಯುತ್ತಮನಾದವನೇ ಹಿರಿಯರ ಮಟ್ಟದಲ್ಲೂ ಹಾಗೆಯೇ ಆಗುತ್ತಾನೆಂದು ಲೆಕ್ಕ ಹಾಕಿದರೆ ತಪ್ಪುತ್ತದೆ, ಹಾಗಾಗಿಯೇ ಒಬ್ಬನ ಬದಲು ಹಲವರನ್ನು ಸಿದ್ಧಪಡಿಸಬೇಕಾಗುತ್ತದೆ.

ಟೋಕಿಯೊದಲ್ಲಿ ಇನ್ನೊಂದು ವಿಶೇಷ ನಡೆಯಿತು. ಸಿಮ್ರನ್‌ಜೀತ್ ಮೂಲ 16 ಮಂದಿಯಲ್ಲಿರಲಿಲ್ಲ, ಮೀಸಲು ಆಟಗಾರನಾಗಿದ್ದರು. ಕೋವಿಡ್ ಕಾರಣದಿಂದ ನಿಯಮ ಸಡಿಲಿಸಿ, 18 ಮಂದಿಯಲ್ಲಿ ಯಾವ 16 ಮಂದಿಯನ್ನಾದರೂ ಪ್ರತಿ ಪಂದ್ಯಕ್ಕೂ ಆರಿಸಬಹುದೆಂದು ಮಾಡಿದರು. 2021ರ ಆಗಸ್ಟ್ 5ರಂದು ಜರ್ಮನಿ ವಿರುದ್ಧದ ಕಂಚಿನ ಪದಕದ ಪಂದ್ಯದಲ್ಲಿ 1-3ರಿಂದ ಹಿಂದಿದ್ದ ಭಾರತ 5-4ರಿಂದ ಗೆದ್ದಿತು. ಆ ಐದರಲ್ಲಿ ಎರಡು ಗೋಲುಗಳು ಸಿಮ್ರನ್‌ಜೀತ್ ಅವರವು. 41 ವರ್ಷಗಳ ನಂತರ ಪದಕ ಬಂತೆಂದು ನಾವು ಸಂಭ್ರಮಿಸಿದೆವು. ಆ ಗೋಲುಗಳು ಹದಿನೇಳನೆಯ, ಹದಿನೆಂಟನೆಯ ಆಟಗಾರನ ಕೋಲಿನಿಂದ ಬಂದವು ಎಂಬುದನ್ನು ಕೆಲವರು ಮಾತ್ರ ಗಮನಿಸಿದರು. ಹೆಣ್ಣುಮಕ್ಕಳ ತಂಡವನ್ನು ತಯಾರಿಸುತ್ತಿರುವ ಶಿಕ್ಷಕಿಯರಿಗಾಗಿ ಒಂದು ಮಾತು: 2010ರ ವಿಶ್ವಕಪ್‌ನಲ್ಲಿ 15ರ ವಯಸ್ಸಿಗೇ ಆಡಿದ ರಾಣಿ ರಾಂಪಾಲ್, 2013ರಲ್ಲಿ ಜೂನಿಯರ್ ವಿಶ್ವಕಪ್‌ನ ಕಂಚು ಗೆದ್ದ ತಂಡದಲ್ಲಿದ್ದು, ಟೋಕಿಯೊದಲ್ಲಿ 4ನೆಯ ಸ್ಥಾನ ಪಡೆದ ತಂಡದ ನಾಯಕಿಯಾದರು. ಒಂದು ದಶಕದ ದಾರಿ ಅದು. ಬೇಗ ಆಡಿಸಿದ್ದರಲ್ಲಿ ತಪ್ಪಿಲ್ಲ, ಬೇಗ ಆಡಿಸಿ ಬೇಗ ಮರೆತರೆ ತಪ್ಪು.

ಮರೆಯುವ ಮಾತು ಬಂದಾಗ ನಮ್ಮ ಜಿಲ್ಲೆಯ ಒಂದು ಹಳೆಯ ಪ್ರಯತ್ನ ನೆನಪಾಗುತ್ತದೆ. ಅದು ಹಾಕಿಯದಲ್ಲ, ಆದರೂ ಇಲ್ಲಿ ಹೇಳಬೇಕಾದದ್ದು. ಭಾರತೀಯ ಕ್ರೀಡಾ ಪ್ರಾಧಿಕಾರವು ಎಂಬತ್ತರ ದಶಕದಲ್ಲಿ ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆಯಡಿ ಸಿದ್ದಿ ಸಮುದಾಯದ ಯುವಕ ಯುವತಿಯರನ್ನು ಅಥ್ಲೆಟಿಕ್ಸ್ ತರಬೇತಿಗೆ ಆರಿಸಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಹಳ್ಳಿಗಳಿಂದ ಹೋದ ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಓಡಿದರು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿ ಅವರ ಹೆಸರು ಈಗಲೂ ಕೇಳಿಬರುತ್ತದೆ. ತೊಂಬತ್ತರ ದಶಕದಲ್ಲಿ ಆ ಯೋಜನೆ ಸಿದ್ದಿಗಳ ಪಾಲಿಗೆ ನಿಂತುಹೋಯಿತು, ಬಹುತೇಕರು ಊರಿಗೆ ಮರಳಿದರು. ಪ್ರತಿಭೆಯನ್ನು ಹುಡುಕುವುದು ಒಂದೇ ವರ್ಷದ ಕೆಲಸ. ಹುಡುಕಿದವರಿಗೆ ಹತ್ತು ವರ್ಷ ಆಡುವ ಜಾಗ ಕೊಡುವುದು ಕಷ್ಟದ ಕೆಲಸ, ಖರ್ಚಿನ ಕೆಲಸ.

ವಯಸ್ಸಾದ ತಂಡಗಳ ಬಗ್ಗೆಯೂ ಎರಡು ಮಾತು ಹೇಳಬೇಕು. 2018ರಲ್ಲಿ ಭುವನೇಶ್ವರದಲ್ಲಿ ವಿಶ್ವಕಪ್, ಟೋಕಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಬೆಲ್ಜಿಯಂ ಬಹುಪಾಲು ಅದೇ ಪೀಳಿಗೆಯನ್ನು ನೆಚ್ಚಿಕೊಂಡು ಮುಂದುವರಿಯಿತು. 2023ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಗೆ ಸೋತು, ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್‌ಗೆ 2-3ರಿಂದ ಸೋತಿತು. ಆ ಸೋಲಿಗೆ ಅದೊಂದೇ ಕಾರಣವೆನ್ನಲಾರೆ. ಆದರೆ ಗೆಲ್ಲುತ್ತಿರುವ ಲೈನನ್ನು ಮುಟ್ಟಬಾರದೆಂಬ ನಂಬಿಕೆಗೂ ಒಂದು ಆಯುಷ್ಯವಿದೆ.

ಈಗ ಕರಾವಳಿಯ ಶಾಲಾ ತಂಡದ ಮಾತು. ಕಾರವಾರ ಮತ್ತು ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳಲ್ಲಿ ನಮಗಿರುವ ತೊಂದರೆ ನಿಮಗೆ ಗೊತ್ತು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬರುತ್ತದೆ, ಶಾಲಾ ಕ್ರೀಡಾಕೂಟಗಳ ತಯಾರಿಯೂ ಅದೇ ತಿಂಗಳುಗಳಲ್ಲಿ ಆಗಬೇಕು. ಕೆಂಪು ಕಲ್ಲಿನ ಮಣ್ಣಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆಂದು ಹೇಳಲಾಗುವುದಿಲ್ಲ. ಮಳೆ ಬಿಟ್ಟ ಮೇಲೆ ಬರುವ ಸೆಕೆಯಲ್ಲಿ ಬೆವರು ಆರುವುದಿಲ್ಲ, ದೇಹದ ಬಿಸಿ ಇಳಿಯುವುದಿಲ್ಲ. ಹಾಗಾಗಿ ಘಟ್ಟದ ಮೇಲಿನ ತಂಡ ಒಬ್ಬನನ್ನು ಎಂಟು ನಿಮಿಷ ಆಡಿಸಬಹುದಾದ ಕಡೆ ಕಾರವಾರದ ತಂಡ ಆರು ನಿಮಿಷಕ್ಕೆ ಹೊರಗೆ ಕರೆಯುವುದು ಒಳ್ಳೆಯದು.

ನಿಮ್ಮ ಬಳಿ 16 ಮಕ್ಕಳಿದ್ದರೆ ಮೂವರ ಲೈನುಗಳನ್ನು ಕಟ್ಟುವುದಕ್ಕಿಂತ ಇಬ್ಬರ ಜೋಡಿಗಳನ್ನು ಕಟ್ಟಿ. ಒಂದು ಜೋಡಿಯಲ್ಲಿ ಅನುಭವಿ ಒಬ್ಬ, ಹೊಸಬ ಒಬ್ಬ. ಇಬ್ಬರೂ ಒಟ್ಟಿಗೆ ಒಳಗೆ ಹೋಗಲಿ, ಒಟ್ಟಿಗೆ ಹೊರಬರಲಿ, ಬೆಂಚಿನಲ್ಲಿ ಪಕ್ಕಪಕ್ಕ ಕುಳಿತು ಮಾತನಾಡಲಿ. ಹೊಸಬರನ್ನೆಲ್ಲ ಒಂದು ಗುಂಪಾಗಿಸಿ, ಪಂದ್ಯ ಗೆದ್ದ ಮೇಲೆ ಅಥವಾ ಸೋತ ಮೇಲೆ ಕೊನೆಯ ಐದು ನಿಮಿಷಕ್ಕೆ ಕಳುಹಿಸುವ ರೂಢಿಯನ್ನು ದಯವಿಟ್ಟು ಬಿಡಿ. ಅಲ್ಲಿ ಅವರು ಕಲಿಯುವುದು ಏನೂ ಇಲ್ಲ, ಏಕೆಂದರೆ ಎದುರಾಳಿಯೂ ಆಗ ಆಡುತ್ತಿರುವುದಿಲ್ಲ. ಜುಲೈನ ಸೌಹಾರ್ದ ಪಂದ್ಯದ ಎರಡನೆಯ ಕ್ವಾರ್ಟರ್‌ನಲ್ಲಿ, ಸ್ಕೋರ್ ಸಮವಾಗಿದ್ದಾಗ, ಅವನನ್ನು ಕಳುಹಿಸಿ. ಒಂದು ಗೋಲು ಬಿದ್ದರೆ ಬೀಳಲಿ. ಜಿಲ್ಲಾ ಮಟ್ಟದ ಫೈನಲ್‌ನಲ್ಲಿ ಅನುಭವಿಯ ಮಂಡಿ ನೋಯುತ್ತಿರುವಾಗ ಆ ಗೋಲಿನ ಬೆಲೆ ವಾಪಸು ಬರುತ್ತದೆ.

ಇನ್ನೊಂದು ಅಪಾಯವನ್ನು ಪೋಷಕರೂ ಕೇಳಿಸಿಕೊಳ್ಳಬೇಕು. ಚೆನ್ನಾಗಿ ಆಡುವ 15ರ ಹುಡುಗ ಶಾಲೆಗೆ, ತಾಲ್ಲೂಕಿಗೆ, ಜಿಲ್ಲೆಗೆ, ಭಾನುವಾರದ ಕ್ಲಬ್ಬಿಗೆ, ಹಬ್ಬದ ದಿನದ ಊರ ಪಂದ್ಯಾವಳಿಗೆ ಎಲ್ಲದಕ್ಕೂ ಆಡುತ್ತಾನೆ. ಎತ್ತರ ಬೆಳೆಯುತ್ತಿರುವ ವಯಸ್ಸಿನಲ್ಲಿ ಮಂಡಿಯ ಕೆಳಗೆ ಸ್ನಾಯುರಜ್ಜು ಎಲುಬನ್ನು ಸೇರುವ ಜಾಗ ನೋಯುವುದು, ಮತ್ತೆ ಮತ್ತೆ ಫ್ಲಿಕ್ ಹೊಡೆದು ಸೊಂಟದ ಭಾಗದ ಬೆನ್ನೆಲುಬಿನ ಮೇಲೆ ಒತ್ತಡ ಬೀಳುವುದು ಸಾಮಾನ್ಯ. ಅವನು ದಣಿದಿದ್ದಾನೆಂದು ಯಾವ ಒಬ್ಬ ತರಬೇತುದಾರನಿಗೂ ತಿಳಿಯುವುದಿಲ್ಲ, ಏಕೆಂದರೆ ಒಬ್ಬೊಬ್ಬರೂ ತಮ್ಮ ಪಂದ್ಯದ ನಿಮಿಷಗಳನ್ನು ಮಾತ್ರ ನೋಡಿರುತ್ತಾರೆ. ಅವನು ವಾರದಲ್ಲಿ ಆಡಿದ ಒಟ್ಟು ನಿಮಿಷಗಳನ್ನು ಬರೆದಿಡುವ ಒಂದು ಪುಸ್ತಕ ಅವನ ಬಳಿಯೇ ಇರಲಿ, ಯಾರು ಕೇಳಿದರೂ ತೋರಿಸಲಿ. ನ್ಯಾಷನಲ್ ಹಾಕಿ ಲೀಗ್‌ನಲ್ಲಿ 18-19ರ ಹೊಸಬನನ್ನು ಒಂಬತ್ತು ಪಂದ್ಯಗಳವರೆಗೆ ಪರೀಕ್ಷಿಸಿ, ಅವನ ಒಪ್ಪಂದದ ಮೊದಲ ವರ್ಷ ಖರ್ಚಾಗದಂತೆ ಕಿರಿಯರ ತಂಡಕ್ಕೆ ಮರಳಿ ಕಳುಹಿಸುವ ಅವಕಾಶವಿದೆ. ಅದು ಮುಖ್ಯವಾಗಿ ಹಣದ ಲೆಕ್ಕ. ಆದರೆ ಹಣದ ಕಾರಣಕ್ಕಾದರೂ ಅವರು ಎಣಿಸುತ್ತಾರೆ, ನಾವು ಎಣಿಸುವುದಿಲ್ಲ.

ಕೊನೆಯದಾಗಿ ಗೋಲ್‌ಕೀಪರ್. ಎಲ್ಲ ಲೈನುಗಳನ್ನೂ ಬದಲಾಯಿಸುವ ತರಬೇತುದಾರರು ಗೋಲ್‌ಕೀಪರ್‌ನನ್ನು ಮುಟ್ಟುವುದಿಲ್ಲ. 2016ರ ಮಾರ್ಚ್‌ನ ಕೊನೆಯಲ್ಲಿ ಪಿಟ್ಸ್‌ಬರ್ಗ್‌ನ ಮುಖ್ಯ ಗೋಲಿ ಮಾರ್ಕ್-ಆಂಡ್ರೆ ಫ್ಲ್ಯೂರಿ ತಲೆಗೆ ಪೆಟ್ಟಾಗಿ ಹೊರಗುಳಿದಾಗ, ಇನ್ನೂ 22 ತುಂಬದ ಮ್ಯಾಟ್ ಮರ್ರಿ ಪ್ಲೇಆಫ್‌ನಲ್ಲಿ 15 ಪಂದ್ಯಗಳನ್ನು ಗೆದ್ದುಕೊಟ್ಟನು. ಅವನು ಅಷ್ಟರಲ್ಲಾಗಲೇ ಆ ಸೀಸನ್‌ನ ಕೆಲವು ಪಂದ್ಯಗಳಲ್ಲಿ ಗೋಲಿನ ಮುಂದೆ ನಿಂತಿದ್ದನು. ಪ್ಯಾರಿಸ್‌ನಲ್ಲಿ ಭಾರತದ 16 ಮಂದಿಯಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಒಬ್ಬರೇ ಇದ್ದರು, ಕ್ರಿಶನ್ ಪಾಠಕ್ ಮೀಸಲಿನಲ್ಲಿದ್ದರು. ಆದರೆ ಅದಕ್ಕೆ ಮೊದಲಿನ ವರ್ಷಗಳ ಅಂತಾರಾಷ್ಟ್ರೀಯ ಪ್ರೊ ಲೀಗ್ ಪಂದ್ಯಗಳಲ್ಲಿ ಇವರಿಬ್ಬರೂ ಕ್ವಾರ್ಟರ್ ಹಂಚಿಕೊಂಡು ಆಡುತ್ತಿದ್ದರು. ಹಾಗಾಗಿ ಶ್ರೀಜೇಶ್ ನಿವೃತ್ತರಾದ ಮೇಲೆ ಜಾಗ ಖಾಲಿಯಾಗಿ ಉಳಿಯಲಿಲ್ಲ. ನಿಮ್ಮ ಶಾಲೆಯಲ್ಲಿ ಪ್ಯಾಡ್ ಮತ್ತು ಹೆಲ್ಮೆಟ್ ಒಂದೇ ಜೊತೆ ಇರಬಹುದು. ಇದ್ದರೂ ಇಬ್ಬರನ್ನು ತಯಾರಿಸಿ. ವಿರಾಮದಲ್ಲಿ ಒಬ್ಬ ಬಿಚ್ಚಿ ಇನ್ನೊಬ್ಬನಿಗೆ ಕಟ್ಟಿಸಲಿ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಪಂದ್ಯದ ದಿನಕ್ಕೆ ಮೊದಲೇ ಒಮ್ಮೆ ಗಡಿಯಾರ ಹಿಡಿದು ನೋಡಿಕೊಳ್ಳಿ.